ಅಂಕಿಗಳು ಉಳಿಸಿದ ಜೀವಗಳು

ಮನುಷ್ಯನು ಎಣಿಸಲು ಕಲಿತು ಸಾವಿರಾರು ವರ್ಷಗಳಾದವು. ಹಟ್ಟಿಯಲ್ಲಿ ಕಟ್ಟಿದ ದನಗಳನ್ನೂ ಕಣಜದಲ್ಲಿ ತುಂಬಿದ ಧಾನ್ಯವನ್ನೂ ಅವನು ಮೊದಲು ಲೆಕ್ಕವಿಟ್ಟನು. ರಾಜ್ಯಗಳು ಬೆಳೆದಂತೆ ಕಂದಾಯಕ್ಕಾಗಿ ಹೊಲಗದ್ದೆಗಳ ಲೆಕ್ಕ, ಸೈನ್ಯಕ್ಕಾಗಿ ಜನರ ಲೆಕ್ಕ ಅಗತ್ಯವಾದವು. ಗ್ರಾಮಗಳಲ್ಲಿರುವ ಮನೆಗಳೆಷ್ಟು, ಜನರೆಷ್ಟು, ದನಕರುಗಳೆಷ್ಟು ಎಂಬುದನ್ನು ಬರೆದಿಡುವ ಅಧಿಕಾರಿಯ ಕರ್ತವ್ಯಗಳನ್ನು ಕೌಟಿಲ್ಯನ ಅರ್ಥಶಾಸ್ತ್ರವು ವಿವರಿಸುತ್ತದೆ. ಆದರೆ ಎಣಿಸಿ ಬರೆದಿಡುವುದು ಒಂದು ಕೆಲಸವಾದರೆ, ಬರೆದಿಟ್ಟ ಅಂಕಿಗಳಿಂದ ಸತ್ಯವನ್ನು ಹೊರತೆಗೆಯುವುದು ಮತ್ತೊಂದು ಕೆಲಸ. ಈ ಎರಡನೆಯ ಕೆಲಸವನ್ನು ಮಾಡುವ ಶಾಸ್ತ್ರಕ್ಕೆ ಸಂಖ್ಯಾಶಾಸ್ತ್ರವೆಂದು ಹೆಸರು.

ಈ ಶಾಸ್ತ್ರವು ಒಣ ಲೆಕ್ಕಗಳ ರಾಶಿಯೆಂದು ಹಲವರು ಭಾವಿಸುತ್ತಾರೆ. ಆ ಭಾವನೆ ಎಷ್ಟು ತಪ್ಪೆಂಬುದನ್ನು ತಿಳಿಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಒಂದು ಯುದ್ಧದ ಕಡೆಗೆ ನಾವು ದೃಷ್ಟಿ ಹಾಯಿಸಬೇಕು.

1854ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪಕ್ಷ ವಹಿಸಿ ರಷ್ಯದ ವಿರುದ್ಧ ಯುದ್ಧಕ್ಕಿಳಿದವು. ಕಪ್ಪು ಸಮುದ್ರದ ತೀರದ ಕ್ರಿಮಿಯಾದಲ್ಲಿ ಘೋರವಾದ ಕದನಗಳು ನಡೆದವು. ಗಾಯಗೊಂಡ ಹಾಗೂ ಕಾಯಿಲೆ ಬಿದ್ದ ಬ್ರಿಟಿಷ್ ಸೈನಿಕರನ್ನು ಹಡಗುಗಳಲ್ಲಿ ತುಂಬಿ, ಇಂದಿನ ಇಸ್ತಾಂಬುಲ್ ನಗರದ ಭಾಗವಾಗಿರುವ ಸ್ಕುಟಾರಿಯ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಆ ವರ್ಷದ ನವೆಂಬರ್ ತಿಂಗಳ ಮೊದಲ ವಾರದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮಹಿಳೆ 38 ಮಂದಿ ದಾದಿಯರೊಡನೆ ಅಲ್ಲಿಗೆ ಬಂದಳು. ರಾತ್ರಿಯ ಹೊತ್ತಿನಲ್ಲಿ ದೀಪ ಹಿಡಿದು ರೋಗಿಗಳ ಬಳಿಗೆ ಹೋಗುತ್ತಿದ್ದ ಆ ಕರುಣಾಮಯಿಯ ಚಿತ್ರವನ್ನು ಎಲ್ಲರೂ ಬಲ್ಲರು. ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವೂ ಇತ್ತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ನೈಟಿಂಗೇಲಳಿಗೆ ಬಾಲ್ಯದಿಂದಲೂ ಗಣಿತದಲ್ಲಿ ಆಸಕ್ತಿ. ಆಸ್ಪತ್ರೆಯಲ್ಲಿ ಆಕೆ ಕಂಡದ್ದು ಕೊಳೆ, ದುರ್ಗಂಧ, ಕಿಕ್ಕಿರಿದ ಕೊಠಡಿಗಳು, ಕಟ್ಟಡದ ಕೆಳಗೆ ಕಟ್ಟಿ ನಿಂತ ಚರಂಡಿಗಳು. ಅದರೊಂದಿಗೆ ಮತ್ತೊಂದು ಕೊರತೆಯೂ ಆಕೆಯ ಕಣ್ಣಿಗೆ ಬಿದ್ದಿತು. ಸತ್ತವರ ದಾಖಲೆಗಳು ಕ್ರಮಬದ್ಧವಾಗಿರಲಿಲ್ಲ; ಒಂದು ಪುಸ್ತಕದ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಎಷ್ಟು ಮಂದಿ ಸತ್ತರು, ಏತರಿಂದ ಸತ್ತರು ಎಂಬುದೇ ತಿಳಿಯದಿದ್ದರೆ ಸಾವನ್ನು ತಡೆಯುವುದಾದರೂ ಹೇಗೆ? ಯುದ್ಧ ಮುಗಿದು ಸ್ವದೇಶಕ್ಕೆ ಮರಳಿದ ಮೇಲೆ, ಇಂಗ್ಲೆಂಡಿನ ಜನನ ಮರಣ ದಾಖಲೆಗಳ ಕಚೇರಿಯಲ್ಲಿದ್ದ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನ ನೆರವಿನಿಂದ ಆಕೆ ಸೈನ್ಯದ ಆಸ್ಪತ್ರೆಗಳಲ್ಲಿ ಸಂಭವಿಸಿದ ಸಾವುಗಳ ಅಂಕಿ ಅಂಶಗಳನ್ನು ಒಪ್ಪ ಮಾಡಿದಳು.

ಯಾವುದೇ ವಿಷಯವನ್ನು ಅರಿಯಲು ಸಂಗ್ರಹಿಸಿದ ಇಂತಹ ಅಂಕಿ ಅಂಶಗಳಿಗೆ ದತ್ತಾಂಶವೆನ್ನುತ್ತೇವೆ. ಸಂಗ್ರಹಿಸಿದಾಗ ಅದು ಗೊತ್ತುಗುರಿಯಿಲ್ಲದ ರಾಶಿಯಾಗಿರುತ್ತದೆ. ಆದುದರಿಂದ ಸಂಖ್ಯಾಶಾಸ್ತ್ರದ ಮೊದಲ ಹೆಜ್ಜೆ ವರ್ಗೀಕರಣ. ನೈಟಿಂಗೇಲ್ ಸಾವಿನ ಕಾರಣಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದಳು: ಕಾಲರಾ, ಆಮಶಂಕೆ, ವಿಷಮಜ್ವರ ಮೊದಲಾದ, ತಡೆಗಟ್ಟಬಹುದಾದ ರೋಗಗಳು, ಯುದ್ಧದ ಗಾಯಗಳು, ಇತರ ಕಾರಣಗಳು. ಎರಡನೆಯ ಹೆಜ್ಜೆ ಕೋಷ್ಟಕ ರಚನೆ. 1854ರ ಏಪ್ರಿಲ್‌ನಿಂದ 1855ರ ಮಾರ್ಚ್‌ವರೆಗಿನ ಹನ್ನೆರಡು ತಿಂಗಳುಗಳ ಎರಡು ವರ್ಗಗಳ ಅಂಕಿಗಳು ಹೀಗಿವೆ:

ತಿಂಗಳು — ರೋಗದಿಂದ ಸತ್ತವರು — ಗಾಯದಿಂದ ಸತ್ತವರು
ಏಪ್ರಿಲ್ 1854 — 1 — 0
ಮೇ — 12 — 0
ಜೂನ್ — 11 — 0
ಜುಲೈ — 359 — 0
ಆಗಸ್ಟ್ — 828 — 1
ಸೆಪ್ಟೆಂಬರ್ — 788 — 81
ಅಕ್ಟೋಬರ್ — 503 — 132
ನವೆಂಬರ್ — 844 — 287
ಡಿಸೆಂಬರ್ — 1725 — 114
ಜನವರಿ 1855 — 2761 — 83
ಫೆಬ್ರವರಿ — 2120 — 42
ಮಾರ್ಚ್ — 1205 — 32

ಈ ಕೋಷ್ಟಕವನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿದರೆ ಸಾಕು, ಎದೆ ನಡುಗುತ್ತದೆ. ಹನ್ನೆರಡು ತಿಂಗಳುಗಳಲ್ಲಿ ಗಾಯಗಳಿಂದ ಸತ್ತವರು 772 ಮಂದಿ. ರೋಗಗಳಿಂದ ಸತ್ತವರು 11,157 ಮಂದಿ. ಇತರ ಕಾರಣಗಳಿಂದ ಸತ್ತ 1,365 ಮಂದಿಯನ್ನು ಸೇರಿಸಿದರೆ ಒಟ್ಟು 13,294. ಅಂದರೆ ಆಸ್ಪತ್ರೆಗಳಲ್ಲಿ ಪ್ರಾಣ ಬಿಟ್ಟ ಪ್ರತಿ ನೂರು ಮಂದಿಯಲ್ಲಿ ಸುಮಾರು 84 ಮಂದಿಯನ್ನು ಕೊಂದದ್ದು ರೋಗ. ಶತ್ರುವಿನ ಗುಂಡು ಕತ್ತಿಗಳ ಗಾಯಕ್ಕೆ ಬಲಿಯಾದವರು ನೂರಕ್ಕೆ ಆರು ಮಂದಿಗಿಂತ ಕಡಿಮೆ. ಬಿಡಿ ಬಿಡಿಯಾಗಿ ಒಂದೊಂದು ಸಾವನ್ನು ಕಂಡ ವೈದ್ಯರಿಗೂ ಸೇನಾಧಿಕಾರಿಗಳಿಗೂ ಹೊಳೆಯದ ಸಂಗತಿಯನ್ನು ಈ ಕೋಷ್ಟಕವು ತೆರೆದು ತೋರಿಸಿತು.

ಇಷ್ಟೊಂದು ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಕಷ್ಟ. ಇಡೀ ಸಮೂಹವನ್ನು ಪ್ರತಿನಿಧಿಸುವ ಒಂದೇ ಒಂದು ಸಂಖ್ಯೆ ದೊರೆತರೆ ಅನುಕೂಲ. ಅಂತಹ ಸಂಖ್ಯೆಗಳಲ್ಲಿ ಎಲ್ಲರಿಗೂ ಪರಿಚಿತವಾದುದು ಸರಾಸರಿ. ಎಲ್ಲ ಬೆಲೆಗಳನ್ನು ಕೂಡಿಸಿ, ಅವುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ದೊರೆಯುತ್ತದೆ. ರೋಗದಿಂದ ಸತ್ತ 11,157 ಮಂದಿಯನ್ನು 12ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 930. ಆದರೆ ಕೋಷ್ಟಕದಲ್ಲಿ ಹುಡುಕಿದರೆ 930 ಸಾವುಗಳಾದ ತಿಂಗಳು ಒಂದೂ ಇಲ್ಲ. ಮೊದಲ ಮೂರು ತಿಂಗಳುಗಳಲ್ಲಿ ಸಾವುಗಳು ಹನ್ನೆರಡನ್ನು ಮೀರಿಲ್ಲ. ಜನವರಿಯಲ್ಲಿ ಅವು 2761ಕ್ಕೆ ಏರಿವೆ. ಸರಾಸರಿಯು ಏರು ತಗ್ಗುಗಳನ್ನೆಲ್ಲ ಸವರಿ ಸಮತಟ್ಟು ಮಾಡಿ ನಮ್ಮ ಮುಂದಿಡುತ್ತದೆ.

ಸರಾಸರಿಗೆ ಇನ್ನೊಂದು ದೋಷವುಂಟು. ಒಂದು ಹಳ್ಳಿಯಲ್ಲಿ ಹತ್ತು ಮಂದಿ ರೈತರಿದ್ದಾರೆಂದು ಭಾವಿಸೋಣ. ಒಂಬತ್ತು ಮಂದಿಗೆ ತಲಾ 2 ಎಕರೆ ಜಮೀನು. ಹತ್ತನೆಯವನಿಗೆ 82 ಎಕರೆ. ಒಟ್ಟು 100 ಎಕರೆ; ಸರಾಸರಿ 10 ಎಕರೆ. ಈ ಸರಾಸರಿಯನ್ನಷ್ಟೇ ನೋಡಿದ ಅಧಿಕಾರಿಯು "ಇಲ್ಲಿಯ ರೈತರು ಅನುಕೂಲಸ್ಥರು, ಇವರಿಗೆ ನೆರವಿನ ಅಗತ್ಯವಿಲ್ಲ" ಎಂದು ಬರೆದರೆ ಒಂಬತ್ತು ಕುಟುಂಬಗಳಿಗೆ ಅನ್ಯಾಯವಾಗುತ್ತದೆ. ಅಲ್ಲಿ ಲೆಕ್ಕ ತಪ್ಪಿಲ್ಲ. ಆರಿಸಿಕೊಂಡ ಅಳತೆ ತಪ್ಪಾಗಿದೆ.

ಇಂತಹ ಸಂದರ್ಭದಲ್ಲಿ ಮಧ್ಯಾಂಕವು ನಮ್ಮ ನೆರವಿಗೆ ಬರುತ್ತದೆ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಟ್ಟನಡುವೆ ನಿಲ್ಲುವ ಬೆಲೆಯೇ ಮಧ್ಯಾಂಕ. ಬೆಲೆಗಳ ಸಂಖ್ಯೆ ಸಮವಾಗಿದ್ದರೆ ನಡುವಿನ ಎರಡು ಬೆಲೆಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು. ಮೇಲಿನ ಹಳ್ಳಿಯ ಮಧ್ಯಾಂಕ 2 ಎಕರೆ. ಇದು ಅಲ್ಲಿಯ ನಿಜಸ್ಥಿತಿಗೆ ಹತ್ತಿರವಾಗಿದೆ. ನಮ್ಮ ಕೋಷ್ಟಕದ ರೋಗದ ಸಾವುಗಳನ್ನು ಏರಿಕೆಯ ಕ್ರಮದಲ್ಲಿರಿಸಿದರೆ ಆರನೆಯದು 788, ಏಳನೆಯದು 828, ಮಧ್ಯಾಂಕ 808. ಚಳಿಗಾಲದ ಕೆಲವೇ ಭೀಕರ ತಿಂಗಳುಗಳು ಸರಾಸರಿಯನ್ನು ಮೇಲಕ್ಕೆಳೆದಿವೆ ಎಂಬುದು ಈ ಎರಡು ಅಂಕಿಗಳ ಅಂತರದಿಂದ ತಿಳಿಯುತ್ತದೆ.

ಮೂರನೆಯ ಅಳತೆ ಬಹುಲಕ. ಎಲ್ಲಕ್ಕಿಂತ ಹೆಚ್ಚು ಸಲ ಬರುವ ಬೆಲೆಗೆ ಈ ಹೆಸರು. ಪಾದರಕ್ಷೆಯ ಅಂಗಡಿಯವನಿಗೆ ಊರಿನವರ ಪಾದಗಳ ಸರಾಸರಿ ಅಳತೆಯಿಂದ ಪ್ರಯೋಜನವಿಲ್ಲ. ಯಾವ ಅಳತೆಯ ಜೋಡುಗಳು ಹೆಚ್ಚಾಗಿ ಮಾರಾಟವಾಗುತ್ತವೆಂಬುದು ಅವನಿಗೆ ಬೇಕು. ಹೀಗೆ ಸರಾಸರಿ, ಮಧ್ಯಾಂಕ, ಬಹುಲಕಗಳಲ್ಲಿ ಯಾವುದು ಉತ್ತಮವೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ; ನಾವು ಕೇಳುವ ಪ್ರಶ್ನೆಯನ್ನು ಅನುಸರಿಸಿ ಅಳತೆಯನ್ನು ಆರಿಸಿಕೊಳ್ಳಬೇಕು.

ನಡುವಿನ ಬೆಲೆಯೊಂದನ್ನೇ ತಿಳಿದರೂ ಸಾಲದು. ಬೆಲೆಗಳು ಎಷ್ಟು ಹರಡಿಕೊಂಡಿವೆ ಎಂಬುದನ್ನೂ ತಿಳಿಯಬೇಕು. ಅತಿ ಹೆಚ್ಚಿನ ಬೆಲೆಯಿಂದ ಅತಿ ಕಡಿಮೆ ಬೆಲೆಯನ್ನು ಕಳೆದರೆ ವ್ಯಾಪ್ತಿ ದೊರೆಯುತ್ತದೆ. ನಮ್ಮ ಕೋಷ್ಟಕದಲ್ಲಿ ಅದು 2761ರಿಂದ 1ನ್ನು ಕಳೆದಾಗ ಬರುವ 2760. ಮಳೆಯ ಲೆಕ್ಕವೂ ಇದೇ ಪಾಠವನ್ನು ಹೇಳುತ್ತದೆ. ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಬಯಲುಸೀಮೆಯ ಚಳ್ಳಕೆರೆಯಲ್ಲಿ 500 ಮಿಲಿಮೀಟರಿನ ಆಸುಪಾಸು ಬೀಳುತ್ತದೆ. ಎರಡನ್ನೂ ಕೂಡಿಸಿ ತೆಗೆದ ಸರಾಸರಿಯನ್ನು ನಂಬಿ ಚಳ್ಳಕೆರೆಯ ರೈತನು ಭತ್ತ ಬಿತ್ತಿದರೆ ಅವನ ಗತಿಯೇನು?

ಬೆಲೆಗಳು ಬಹಳವಿದ್ದಾಗ ಅವುಗಳನ್ನು ಸಮಾನ ಅಂತರದ ಗುಂಪುಗಳಾಗಿ ಮಾಡಿಕೊಳ್ಳುವುದು ವಾಡಿಕೆ. ಒಂದೊಂದು ಗುಂಪಿನಲ್ಲಿ ಎಷ್ಟು ಬೆಲೆಗಳು ಬೀಳುತ್ತವೆಯೋ ಅದು ಆ ಗುಂಪಿನ ಆವೃತ್ತಿ. 1856ರ ಮಾರ್ಚ್‌ವರೆಗಿನ ಇಪ್ಪತ್ತನಾಲ್ಕು ತಿಂಗಳುಗಳನ್ನು ಹೀಗೆ ಗುಂಪು ಮಾಡಿದರೆ, ರೋಗದ ಸಾವುಗಳು 500ಕ್ಕಿಂತ ಕಡಿಮೆಯಿದ್ದ ತಿಂಗಳುಗಳು 14. 500ರಿಂದ 999ರವರೆಗೆ ಇದ್ದವು 6. ಅದಕ್ಕೂ ಮೇಲಿನವು 4. ಆ ನಾಲ್ಕೂ 1854ರ ಡಿಸೆಂಬರ್‌ನಿಂದ 1855ರ ಮಾರ್ಚ್‌ವರೆಗಿನ ತಿಂಗಳುಗಳು.

ಈಗ ಒಂದು ಸೂಕ್ಷ್ಮವಾದ ಪ್ರಶ್ನೆಯನ್ನು ಪರಿಶೀಲಿಸೋಣ. 1854ರ ಸೆಪ್ಟೆಂಬರ್‌ನಲ್ಲಿ ರೋಗದಿಂದ 788 ಮಂದಿ ಸತ್ತರು. 1855ರ ಜೂನ್‌ನಲ್ಲಿ 802 ಮಂದಿ ಸತ್ತರು. ಯಾವ ತಿಂಗಳ ಸ್ಥಿತಿ ಹೆಚ್ಚು ಕೆಟ್ಟದ್ದು? ಅವಸರದಲ್ಲಿ ಎರಡನೆಯದೆಂದು ಹೇಳಿಬಿಡಬಹುದು. ಆದರೆ ಮೊದಲನೆಯ ತಿಂಗಳಲ್ಲಿ ಸೈನಿಕರ ಸಂಖ್ಯೆ 30,290, ಎರಡನೆಯದರಲ್ಲಿ 38,863. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಸಾವಿರಕ್ಕೆ 26 ಮಂದಿ, ಎರಡನೆಯದರಲ್ಲಿ ಸಾವಿರಕ್ಕೆ ಸುಮಾರು 21 ಮಂದಿ ಸತ್ತಿದ್ದಾರೆ. ಸಂಖ್ಯೆ ಹೆಚ್ಚಿದ್ದರೂ ದರ ಇಳಿದಿತ್ತು. ಗಾತ್ರದಲ್ಲಿ ಭಿನ್ನವಾದ ಸಮೂಹಗಳನ್ನು ಹೋಲಿಸುವಾಗ ಬರಿಯ ಸಂಖ್ಯೆಗಳನ್ನು ಬಿಟ್ಟು ದರಗಳನ್ನು ಹೋಲಿಸಬೇಕೆಂಬುದನ್ನು ನೈಟಿಂಗೇಲ್ ಚೆನ್ನಾಗಿ ಅರಿತಿದ್ದಳು. 1855ರ ಜನವರಿಯಲ್ಲಿ 32,393 ಸೈನಿಕರಿಗೆ 2761 ರೋಗದ ಸಾವುಗಳು, ಅಂದರೆ ಒಂದೇ ತಿಂಗಳಲ್ಲಿ ಸಾವಿರಕ್ಕೆ 85. ಅದೇ ದರವು ಹನ್ನೆರಡು ತಿಂಗಳು ಮುಂದುವರಿದಿದ್ದರೆ ವರ್ಷದ ಸಾವುಗಳು ಸೈನ್ಯದ ಒಟ್ಟು ಸಂಖ್ಯೆಯನ್ನೇ ಮೀರುತ್ತಿದ್ದವು!

ಸತ್ಯವು ಕೈಗೆ ಸಿಕ್ಕಿತು. ಆದರೆ ಅದನ್ನು ಮಂತ್ರಿಗಳಿಗೂ ಜನಸಾಮಾನ್ಯರಿಗೂ ಮನಗಾಣಿಸುವುದು ಹೇಗೆ? ಅಂಕಿಗಳ ಪುಟಗಳನ್ನು ತಾಳ್ಮೆಯಿಂದ ಓದುವವರು ವಿರಳ. ಅಂಕಿಗಳನ್ನು ಚಿತ್ರವಾಗಿಸುವ ಕಲೆಯು ಅಷ್ಟು ಹೊತ್ತಿಗೆ ಹುಟ್ಟಿತ್ತು. ವಿಲಿಯಂ ಪ್ಲೇಫೇರ್ ಎಂಬುವನು 1786ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದೇಶದ ವ್ಯಾಪಾರದ ಏರಿಳಿತಗಳನ್ನು ರೇಖಾನಕ್ಷೆಗಳಿಂದಲೂ ಸ್ತಂಭಾಲೇಖದಿಂದಲೂ ತೋರಿಸಿದ್ದನು. 1801ರಲ್ಲಿ ವೃತ್ತನಕ್ಷೆಯನ್ನೂ ಬಳಕೆಗೆ ತಂದಿದ್ದನು. ಕಾಲದೊಡನೆ ಆಗುವ ಬದಲಾವಣೆಯನ್ನು ತೋರಿಸಲು ರೇಖಾನಕ್ಷೆ ಯೋಗ್ಯವಾದುದು. ಬೇರೆ ಬೇರೆ ವಸ್ತುಗಳ ಪರಿಮಾಣಗಳನ್ನು ಹೋಲಿಸಲು, ಒಂದೇ ಅಗಲದ ಕಂಬಗಳನ್ನು ಅವುಗಳ ಪರಿಮಾಣಕ್ಕೆ ತಕ್ಕ ಎತ್ತರಕ್ಕೆ ಎಳೆದ ಸ್ತಂಭಾಲೇಖ ಸೂಕ್ತ. ಒಂದು ಇಡಿಯ ಭಾಗಗಳನ್ನು ತೋರಿಸಲು ವೃತ್ತನಕ್ಷೆ ಒಪ್ಪುತ್ತದೆ. ಅದರಲ್ಲಿ 360 ಡಿಗ್ರಿಗಳನ್ನು ಭಾಗಗಳ ಪ್ರಮಾಣಕ್ಕೆ ಸರಿಯಾಗಿ ಹಂಚುತ್ತೇವೆ. ನಮ್ಮ ಕೋಷ್ಟಕದ ವರ್ಷವನ್ನು ಹೀಗೆ ಚಿತ್ರಿಸಿದರೆ ರೋಗಕ್ಕೆ 302 ಡಿಗ್ರಿ, ಗಾಯಕ್ಕೆ 21 ಡಿಗ್ರಿ, ಇತರ ಕಾರಣಗಳಿಗೆ 37 ಡಿಗ್ರಿ ಸಲ್ಲುತ್ತವೆ.

ನೈಟಿಂಗೇಲ್ ತನ್ನದೇ ಆದ ಒಂದು ನಕ್ಷೆಯನ್ನು 1858ರಲ್ಲಿ ಪ್ರಕಟಿಸಿದಳು. ಅರಳಿದ ಗುಲಾಬಿ ಹೂವಿನಂತೆ ಕಾಣುವ ಅದರಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ದಳಗಳು. ರೋಗದ ಸಾವುಗಳಿಗೆ ನೀಲಿ, ಗಾಯದ ಸಾವುಗಳಿಗೆ ಕೆಂಪು, ಉಳಿದವುಗಳಿಗೆ ಕಪ್ಪು ಬಣ್ಣ. ಒಂದೊಂದು ಬಣ್ಣದ ದಳದ ವಿಸ್ತೀರ್ಣವು ಸಾವಿನ ಪ್ರಮಾಣಕ್ಕೆ ಸರಿಯಾಗಿರುವಂತೆ ಆಕೆ ನಕ್ಷೆಯನ್ನು ರಚಿಸಿದಳು. ಇಲ್ಲಿ ಜಾಗರೂಕತೆ ಬೇಕು. ಏಕೆಂದರೆ ದಳದ ಉದ್ದವನ್ನು ಎರಡರಷ್ಟು ಮಾಡಿದರೆ ವಿಸ್ತೀರ್ಣವು ನಾಲ್ಕರಷ್ಟಾಗುತ್ತದೆ, ನೋಡುವವರ ಕಣ್ಣು ಮೋಸಹೋಗುತ್ತದೆ. ಲೆಕ್ಕ ತಿಳಿಯದವರಿಗೂ ಆ ನಕ್ಷೆಯ ಅರ್ಥ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಹೂವಿನ ನಡುವೆ ಕೆಂಪು ಬಣ್ಣ ಒಂದಿಷ್ಟು. ಸುತ್ತಲೂ ಹರಡಿದ ನೀಲಿಯೋ ಅಪಾರ.

ಸಾವುಗಳು ಇಳಿದದ್ದು ಯಾವಾಗ? ಮೊದಲ ಚಳಿಗಾಲದಲ್ಲಿ, ನೈಟಿಂಗೇಲ್ ಆಸ್ಪತ್ರೆಯಲ್ಲಿದ್ದಾಗಲೂ, ಅವು ಏರುತ್ತಲೇ ಇದ್ದುವೆಂದು ಕೋಷ್ಟಕವು ನಿರ್ದಾಕ್ಷಿಣ್ಯವಾಗಿ ಹೇಳುತ್ತದೆ. ಬರಿಯ ಶುಶ್ರೂಷೆಯಿಂದ ಆ ಸಾವುಗಳನ್ನು ತಡೆಯಲಾಗಲಿಲ್ಲ. 1855ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರದ ನೈರ್ಮಲ್ಯ ಆಯೋಗವು ಬಂದು ಚರಂಡಿಗಳನ್ನು ಶುದ್ಧಗೊಳಿಸಿ, ಕೊಠಡಿಗಳಿಗೆ ಗಾಳಿ ಆಡುವಂತೆ ಮಾಡಿತು. ಮುಂದಿನ ಹನ್ನೆರಡು ತಿಂಗಳುಗಳಲ್ಲಿ ರೋಗದ ಸಾವುಗಳು 3,319ಕ್ಕೆ ಇಳಿದವು.

ಹಾಗಾದರೆ ನೈರ್ಮಲ್ಯದಿಂದಲೇ ಸಾವು ಇಳಿಯಿತೆಂದು ಒಡನೆಯೇ ತೀರ್ಮಾನಿಸಬಹುದೆ? ವಿವೇಕಿಯಾದ ಸಂಖ್ಯಾಶಾಸ್ತ್ರಜ್ಞನು ಇಲ್ಲಿ ಒಂದು ಕ್ಷಣ ತಡೆಯುತ್ತಾನೆ. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದು ಕಾರಣ, ಎರಡನೆಯದು ಕಾರ್ಯ ಎಂದಾಗುವುದಿಲ್ಲ. ಕಾಳಗ ಕಡಿಮೆಯಾದದ್ದು ಕಾರಣವಿರಬಹುದೆ? ಇಲ್ಲ; ಗಾಯದ ಸಾವುಗಳು ಎರಡನೆಯ ವರ್ಷದಲ್ಲಿ 772ರಿಂದ 986ಕ್ಕೆ ಏರಿವೆ. ಚಳಿಗಾಲ ಕಳೆದದ್ದು ಕಾರಣವಿರಬಹುದೆ? ಸಾವುಗಳು ಫೆಬ್ರವರಿಯಲ್ಲಿಯೇ ಇಳಿಯತೊಡಗಿದ್ದರಿಂದ ಈ ಸಂದೇಹ ನ್ಯಾಯವಾದುದೇ. ಅದನ್ನು ಪರೀಕ್ಷಿಸಲು ಒಂದು ಜನವರಿಯನ್ನು ಇನ್ನೊಂದು ಜನವರಿಯೊಡನೆ ಹೋಲಿಸಬೇಕು. 1856ರ ಜನವರಿಯಲ್ಲಿ 44,212 ಸೈನಿಕರಲ್ಲಿ ರೋಗದಿಂದ ಸತ್ತವರು 42 ಮಂದಿ ಮಾತ್ರ. ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ಚಳಿಗಾಲ ಮರಳಿ ಬಂದಿತು. ಸಾವು ಮರಳಿ ಬರಲಿಲ್ಲ. ಉತ್ತಮವಾದ ಆಹಾರ, ಬಟ್ಟೆ, ವಸತಿಗಳೂ ಈ ಸುಧಾರಣೆಗೆ ನೆರವಾಗಿದ್ದುವೆಂಬುದನ್ನು ಮರೆಯಬಾರದು. ಆದರೆ ಆ ಸಾವಿರಾರು ಮಂದಿ ಸಾಯಲೇಬೇಕಾಗಿರಲಿಲ್ಲ ಎಂಬುದು ನಿಸ್ಸಂದೇಹವಾಗಿ ಸಿದ್ಧವಾಯಿತು.

1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ನೈಟಿಂಗೇಲಳನ್ನು ತನ್ನ ಸದಸ್ಯೆಯನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಆಕೆ. ಭಾರತಕ್ಕೆ ಎಂದೂ ಬಾರದಿದ್ದರೂ ಆಕೆ ಇಲ್ಲಿಯ ಸೈನಿಕ ಠಾಣ್ಯಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ ವಿವರಗಳನ್ನು ತರಿಸಿಕೊಂಡಳು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ರಾಯಲ್ ಕಮಿಷನ್ನಿನ ವರದಿ ತಿಳಿಸಿತು. ಕುಡಿಯುವ ನೀರು, ಚರಂಡಿ, ವಸತಿಗಳ ಸುಧಾರಣೆ ನಡೆದು ಸುಮಾರು ಹತ್ತು ವರ್ಷಗಳಲ್ಲಿ ಆ ದರವು 18ಕ್ಕೆ ಇಳಿಯಿತು.

ಸ್ವತಂತ್ರ ಭಾರತವೂ ಈ ಶಾಸ್ತ್ರದ ಬೆಲೆಯನ್ನು ಬೇಗನೆ ಅರಿತುಕೊಂಡಿತು. ಪ್ರಶಾಂತ ಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ್ದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಅವರ ಪ್ರೇರಣೆಯಿಂದ ಆರಂಭವಾಯಿತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಗೃಹಿಣಿಯು ಒಂದೆರಡು ಅಗುಳುಗಳನ್ನು ಹಿಚುಕಿ ನೋಡುತ್ತಾಳೆ. ಪಾತ್ರೆಯ ಅನ್ನವನ್ನೆಲ್ಲ ಹಿಚುಕುವುದಿಲ್ಲ. ಹಾಗೆಯೇ ಕೋಟ್ಯಂತರ ಜನರ ಸ್ಥಿತಿಯನ್ನು ಅರಿಯಲು, ಎಲ್ಲ ಕಡೆಗಳಿಂದಲೂ ಪಕ್ಷಪಾತವಿಲ್ಲದೆ ಆರಿಸಿದ ಕೆಲವು ಸಾವಿರ ಕುಟುಂಬಗಳ ಪರಿಶೀಲನೆ ಸಾಕಾಗುತ್ತದೆ. ಮೇಲಿನ ಅಗುಳುಗಳನ್ನೇ ಆರಿಸಿದರೆ ತಳದ ಅನ್ನದ ಸ್ಥಿತಿ ತಿಳಿಯದು. ಪೇಟೆಯ ಮನೆಗಳನ್ನೇ ಆರಿಸಿದರೆ ಹಳ್ಳಿಯ ಕಷ್ಟ ತಿಳಿಯದು. ಇದೇ ಸಂಸ್ಥೆಯಲ್ಲಿ ದುಡಿದು ಲೋಕವಿಖ್ಯಾತರಾದ ಸಿ. ಆರ್. ರಾವ್ ಅವರು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಜನಿಸಿದರೆಂಬುದು ಕನ್ನಡಿಗರು ಅಭಿಮಾನಪಡುವ ಸಂಗತಿ.

ಇಂದು ವೃತ್ತಪತ್ರಿಕೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಚುನಾವಣಾ ಭಾಷಣಗಳಲ್ಲಿಯೂ ಅಂಕಿಗಳ ಸುರಿಮಳೆಯಾಗುತ್ತಿದೆ. ಅವುಗಳನ್ನು ಕಂಡೊಡನೆ ನಂಬುವುದೂ ಕಂಡೊಡನೆ ತಳ್ಳಿಹಾಕುವುದೂ ಸರಿಯಲ್ಲ. ಇವುಗಳನ್ನು ಯಾರು ಎಣಿಸಿದರು, ಎಷ್ಟು ಜನರಲ್ಲಿ ಎಣಿಸಿದರು, ಇದು ಸರಾಸರಿಯೋ ಮಧ್ಯಾಂಕವೋ, ಸಂಖ್ಯೆಯೋ ದರವೋ, ಸ್ತಂಭಗಳು ಸೊನ್ನೆಯಿಂದ ಆರಂಭವಾಗಿವೆಯೋ ಇಲ್ಲವೋ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು. ಕೋಷ್ಟಕದ ಪ್ರತಿಯೊಂದು ಅಂಕಿಯ ಹಿಂದೆಯೂ ಮನುಷ್ಯರಿದ್ದಾರೆ. 2761 ಎಂಬ ಅಂಕಿಯಲ್ಲಿ ಮನೆಗೆ ಮರಳದ ಅಷ್ಟು ಮಂದಿ ಮಕ್ಕಳಿದ್ದಾರೆ; 42 ಎಂಬ ಅಂಕಿಯ ಹಿಂದೆ ಬದುಕಿ ಊರು ಸೇರಿದ ಸಾವಿರಾರು ಜನರಿದ್ದಾರೆ. ಆ ಅರಿವಿನಿಂದ ಲೆಕ್ಕವನ್ನು ಬರೆಯುವವನು ಒಂದು ಅಂಕಿಯನ್ನೂ ಅಲಕ್ಷ್ಯದಿಂದ ಬರೆಯಲಾರನು.

ಅಭ್ಯಾಸ

1. ನೈಟಿಂಗೇಲ್ ಸಾವಿನ ಕಾರಣಗಳನ್ನು ಎಷ್ಟು ವರ್ಗಗಳಾಗಿ ವಿಂಗಡಿಸಿದಳು? ಅದರಿಂದಾದ ಪ್ರಯೋಜನವೇನು?
2. ಹಳ್ಳಿಯ ಹತ್ತು ಮಂದಿ ರೈತರ ಉದಾಹರಣೆಯಲ್ಲಿ ಸರಾಸರಿಗಿಂತ ಮಧ್ಯಾಂಕವು ಹೆಚ್ಚು ಯೋಗ್ಯವಾದುದೇಕೆ?
3. ಒಂದು ಜನವರಿಯನ್ನು ಇನ್ನೊಂದು ಜನವರಿಯೊಡನೆ ಹೋಲಿಸಿದ್ದರ ಉದ್ದೇಶವನ್ನು ವಿವರಿಸಿರಿ.
4. ಪಾಠದ ಕೋಷ್ಟಕದಿಂದ ಗಾಯದ ಸಾವುಗಳ ಸರಾಸರಿ, ಮಧ್ಯಾಂಕ, ವ್ಯಾಪ್ತಿಗಳನ್ನು ಕಂಡುಹಿಡಿಯಿರಿ.
5. ನಿಮ್ಮ ತರಗತಿಯ ವಿದ್ಯಾರ್ಥಿಗಳು ಶಾಲೆಗೆ ನಡೆದು ಬರುವ ದೂರವನ್ನು ಕೇಳಿ ಬರೆದುಕೊಂಡು, ಆವೃತ್ತಿ ಪಟ್ಟಿಯನ್ನೂ ಸ್ತಂಭಾಲೇಖವನ್ನೂ ರಚಿಸಿರಿ. ಅದರಿಂದ ನಿಮಗೆ ಹೊಸದಾಗಿ ತಿಳಿದುಬಂದುದೇನು?